ಲೋಬನೋವ್ಸ್ಕಿ ತಂಡವನ್ನು ಕಂಪ್ಯೂಟರ್ ಆರಿಸುತ್ತಿತ್ತೇ?

ಪ್ರಶ್ನೆ: ಉಕ್ರೇನ್‌ನ ಫುಟ್‌ಬಾಲ್ ಕ್ಲಬ್ ಡೈನಮೋ ಕೀವ್‌ನ ಕೋಚ್ ವಲೇರಿ ಲೋಬನೋವ್ಸ್ಕಿ ಕಂಪ್ಯೂಟರ್ ಹೇಳಿದವರನ್ನೇ ಆಡಿಸುತ್ತಿದ್ದರಂತೆ, ಆಟಗಾರರು ಬರೀ ಯಂತ್ರಗಳಂತೆ. ನಿಜವೇ?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ! ದೊಡ್ಡ ಟೂರ್ನಿ ಬಂದರೆ ಸಾಕು, ಮತ್ತೆ ಇದೇ ಪ್ರಶ್ನೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಇಲ್ಲ, ಕಂಪ್ಯೂಟರ್ ತಂಡ ಆರಿಸಲಿಲ್ಲ. ಲೆಕ್ಕ ಇಡುತ್ತಿದ್ದದ್ದು ನಿಜ. ದ್ನೀಪ್ರೋ ತಂಡದ ಕೋಚ್ ಆಗಿದ್ದಾಗಲೇ ಅವರಿಗೆ ಅನಾತೋಲಿ ಝೆಲೆಂತ್ಸೋವ್ ಎಂಬ ವಿಜ್ಞಾನಿಯ ಜೊತೆ ಸಿಕ್ಕಿತು. ಪಂದ್ಯದಲ್ಲಿ ಯಾರು ಏನೇನು ಮಾಡಿದರು, ಎಲ್ಲಿ ಎಡವಿದರು ಅಂತ ಎಣಿಸಿ, ಆಮೇಲೆ ಆಟಗಾರರ ಕಣ್ಣಿಗೆ ಬೀಳುವಂತೆ ಪಟ್ಟಿ ಹಾಕುತ್ತಿದ್ದರು. ನೂರಕ್ಕೆ 15–18ಕ್ಕಿಂತ ಜಾಸ್ತಿ ತಪ್ಪು ಮಾಡದ ತಂಡವನ್ನು ಯಾರೂ ಸೋಲಿಸಲಾರರು ಅನ್ನುವುದು ಝೆಲೆಂತ್ಸೋವ್ ವಾದ. ಆದರೆ ಆ ಪಟ್ಟಿ ನೋಡಿ ಹನ್ನೊಂದು ಜನರನ್ನು ಆರಿಸುತ್ತಿದ್ದವರು ಲೋಬನೋವ್ಸ್ಕಿಯೇ.

ಯಂತ್ರ ಅನ್ನುವವರು ಒಂದು ಗೋಲು ನೋಡಲಿ. 1986, ಯುರೋಪಿನ ಕ್ಲಬ್‌ಗಳ ಟೂರ್ನಿ ಕಪ್ ವಿನ್ನರ್ಸ್ ಕಪ್‌ನ ಫೈನಲ್, ಫ್ರಾನ್ಸ್‌ನ ಲಿಯಾನ್ ಊರು, ಡೈನಮೋ ಎದುರಿಗೆ ಅಟ್ಲೆಟಿಕೊ ಮ್ಯಾಡ್ರಿಡ್. ಎಡಗಡೆಯಿಂದ ನುಗ್ಗಿದ ಡೈನಮೋದ ರಾತ್ಸ್ ಚೆಂಡನ್ನು ಬೆಲಾನೋವ್‌ಗೆ ಕೊಡುತ್ತಾರೆ, ಅಲ್ಲಿಂದ ಯೆವ್ತುಶೆಂಕೊಗೆ. ಯೆವ್ತುಶೆಂಕೊ ಬಲಕ್ಕೆ ತಿರುಗಿಯೂ ನೋಡುವುದಿಲ್ಲ, ಸುಮ್ನೆ ಅತ್ತ ತಳ್ಳುತ್ತಾರೆ. ಅಷ್ಟರಲ್ಲಿ ಬ್ಲೋಖಿನ್ ಅಲ್ಲಿಗೆ ಬಂದಾಗಿದೆ. ಗೋಲ್‌ಕೀಪರ್ ಮೇಲಿಂದ ಚೆಂಡು ಬಲೆಗೆ. ಜೊತೆಗಾರ ಎಲ್ಲಿದ್ದಾನೆ ಅಂತ ಹುಡುಕುವ ಹೊತ್ತು ಉಳಿಯಬೇಕು, ಲೆಕ್ಕ, ಅಭ್ಯಾಸ ಎಲ್ಲ ಇದಕ್ಕೇ. ಇಂಥ ಗೋಲನ್ನು ಯಾವ ಯಂತ್ರ ಹೊಡೆಯುತ್ತದೆ ಹೇಳಿ?

ಪ್ರತಿಭೆಯನ್ನು ತುಳಿದರು ಅನ್ನುವ ಮಾತಂತೂ ಸಿಟ್ಟು ತರಿಸುತ್ತದೆ. 1975ರಲ್ಲಿ ಬ್ಲೋಖಿನ್, 1986ರಲ್ಲಿ ಬೆಲಾನೋವ್ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಗೆದ್ದದ್ದು ಇವರ ಕೈಕೆಳಗೆ ಆಡುವಾಗಲೇ. ಇವರ ಹತ್ತಿರ ಪಳಗಿ ಮಿಲಾನ್‌ಗೆ ಹೋದ ಶೆವ್ಚೆಂಕೊ 2004ರಲ್ಲಿ ಗೆದ್ದರು. 1975ರ ಯುರೋಪಿಯನ್ ಸೂಪರ್ ಕಪ್‌ನಲ್ಲಿ ಜರ್ಮನಿಯ ಬೇಯರ್ನ್ ಮ್ಯೂನಿಚ್ ವಿರುದ್ಧ ಎರಡು ಪಂದ್ಯ, ಮೂರು ಗೋಲು. ಮೂರೂ ಬ್ಲೋಖಿನ್ ಒಬ್ಬರದೇ. ಲೋಬನೋವ್ಸ್ಕಿ ಕೂಡ ಆಡುವ ಕಾಲದಲ್ಲಿ ಎಡಗಡೆಯ ವಿಂಗರ್. ಕಾರ್ನರ್ ಕಿಕ್‌ನಲ್ಲಿ ಚೆಂಡನ್ನು ತಿರುಗಿಸಿ ನೇರ ಗೋಲಿಗೆ ಇಳಿಸುವುದರಲ್ಲಿ ಹೆಸರು ಮಾಡಿದವರು. ಅಂಥವರಿಗೆ ಕೈಚಳಕದ ಬೆಲೆ ಗೊತ್ತಿರಲ್ವಾ?

ಯಾರೂ ಕೇಳಲಿಲ್ಲ, ಆದರೂ ಇದನ್ನು ಹೇಳಲೇಬೇಕು. 1990ರಲ್ಲಿ ಅವರು ಕೊಲ್ಲಿ ದೇಶಗಳಿಗೆ ಹೋದರು, ಮೊದಲು ಯುಎಇ, ಆಮೇಲೆ ಕುವೈತ್. ಅಲ್ಲಿಗೆ ಕಥೆ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. 1994ರ ಹಿರೋಶಿಮಾ ಏಷ್ಯನ್ ಗೇಮ್ಸ್‌ನಲ್ಲಿ ಕುವೈತ್‌ಗೆ ಕಂಚು ತಂದುಕೊಟ್ಟವರು ಇವರೇ. 1997ರಲ್ಲಿ ಮತ್ತೆ ಡೈನಮೋ. ಅದೇ ವರ್ಷ ಬಾರ್ಸಿಲೋನಾವನ್ನು ಕೀವ್‌ನಲ್ಲಿ 3-0, ಅವರದೇ ಮೈದಾನ ಕ್ಯಾಂಪ್ ನೌನಲ್ಲಿ 4-0ಯಿಂದ ಸೋಲಿಸಿದರು. ಅಲ್ಲಿ ಶೆವ್ಚೆಂಕೊ ಮೊದಲರ್ಧದಲ್ಲೇ ಹ್ಯಾಟ್ರಿಕ್ ಮುಗಿಸಿದ್ದರು. 1999ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಬೇಯರ್ನ್ ಎದುರು ಕೀವ್‌ನಲ್ಲಿ 3-1 ಮುಂದಿದ್ದರು. ಅದು 3-3 ಆಯಿತು, ಮ್ಯೂನಿಚ್‌ನ ಎರಡನೇ ಪಂದ್ಯದಲ್ಲಿ 0-1 ಸೋತರು. ಕೀವ್‌ನಲ್ಲಿ ಬಿಟ್ಟುಕೊಟ್ಟ ಆ ಎರಡು ಗೋಲು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.