ಲಿಂಫೋಸೈಟ್ ಎಷ್ಟು ಪರ್ಸೆಂಟ್ ಅಲ್ಲ, ಎಷ್ಟು?

ವೈರಲ್ ನ್ಯುಮೋನಿಯಾ ಬಂದವರಲ್ಲಿ ಯಾರಿಗೆ ಜೋರಾಗಬಹುದು ಅಂತ ಅಂದಾಜು ಮಾಡಲು ನೋಡುವ ರಕ್ತಪರೀಕ್ಷೆಗಳ ಹೆಸರು ಕೋವಿಡ್ ಕಾಲದಲ್ಲೇ ಎಲ್ಲರಿಗೂ ಬಾಯಿಪಾಠ ಆಗಿತ್ತು. ಸಿಆರ್‌ಪಿ, ಡಿ-ಡೈಮರ್, ಫೆರಿಟಿನ್, ಎಲ್‌ಡಿಎಚ್. ನಾನು ಎಡವಿದ್ದು ಮಾತ್ರ ಎಲ್ಲಕ್ಕಿಂತ ಅಗ್ಗದ ಸಿಬಿಸಿಯಲ್ಲಿ, ಅಂದರೆ ರಕ್ತಕಣಗಳ ಎಣಿಕೆಯಲ್ಲಿ.

ಅಭ್ಯಾಸಕ್ಕೆ ಎರಡು ರಿಪೋರ್ಟ್ ಬರೆದುಕೊಂಡಿದ್ದೆ. ಒಂದನೆಯದರಲ್ಲಿ ಒಟ್ಟು ಬಿಳಿ ರಕ್ತಕಣ 12,000, ಅದರಲ್ಲಿ ಲಿಂಫೋಸೈಟ್ ಎಂಬ ಬಗೆಯ ಕಣ ಶೇ. 10. ಎರಡನೆಯದರಲ್ಲಿ ಒಟ್ಟು 4,000, ಲಿಂಫೋಸೈಟ್ ಶೇ. 20. ಲಿಂಫೋಸೈಟ್ ಕಡಿಮೆ ಯಾರಿಗೆ? ಸುಮ್ನೆ 10 ನೋಡಿ ಮೊದಲನೆಯವರಿಗೆ ಅಂದುಬಿಟ್ಟೆ. ಗುಣಿಸಿದರೆ ಮೊದಲನೆಯವರಿಗೆ 1,200, ಎರಡನೆಯವರಿಗೆ 800. ದೊಡ್ಡವರಲ್ಲಿ ಮೈಕ್ರೋಲೀಟರ್‌ಗೆ 1,000ಕ್ಕಿಂತ ಇಳಿದರೆ ಕಡಿಮೆ ಅಂತ ಲೆಕ್ಕ. ಉತ್ತರ ಉಲ್ಟಾ!

ಮನೆಯಲ್ಲಿ ಹೇಳಿದರೆ ಅಪ್ಪ ನಕ್ಕರು. ಕಾಫಿ ವ್ಯಾಪಾರದಲ್ಲಿ ಔಟ್‌ಟರ್ನ್ 26 ಅಂದರೆ 50 ಕೆಜಿ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಗೆ 26 ಕೆಜಿ ಕಾಫಿ ಬೀಜ. ಮೂಟೆ ಎಷ್ಟು ಅಂತ ಕೇಳದೆ ಬೀಜ ಎಷ್ಟು ಅಂತ ಯಾರಾದರೂ ಹೇಳುತ್ತಾರಾ? ತೋಟದ ಮನೆಯಲ್ಲಿ ಹುಟ್ಟಿ ಇದು ಹೊಳೆಯಲಿಲ್ಲವಲ್ಲ ಅಂತ ನಾಚಿಕೆಯಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ನ್ಯೂಟ್ರೋಫಿಲ್ (ಇನ್ನೊಂದು ಬಗೆಯ ಬಿಳಿ ಕಣ) ಮತ್ತು ಲಿಂಫೋಸೈಟ್ ಅನುಪಾತ, ಅಂದರೆ ಎನ್‌ಎಲ್‌ಆರ್, ಲೆಕ್ಕ ಹಾಕಿದೆ. ಇದು ಜಾಸ್ತಿ ಇದ್ದಷ್ಟು ರೋಗ ಜೋರು ಅಂತ ಅಂದಾಜು. ಮೊದಲನೆಯವರ ನ್ಯೂಟ್ರೋಫಿಲ್ ಶೇ. 85, ಅನುಪಾತ 8.5. ಎರಡನೆಯವರದು ಶೇ. 70, ಅನುಪಾತ 3.5. ಈಗ ಮೊದಲನೆಯವರದೇ ಜಾಸ್ತಿ! ಇಲ್ಲಿ ಶೇಕಡಾ ಸಾಕು, ಏಕೆಂದರೆ ಒಟ್ಟು ಸಂಖ್ಯೆ ಮೇಲೆ ಕೆಳಗೆ ಎರಡೂ ಕಡೆ ಹೊಡೆದು ಹೋಗುತ್ತದೆ. ಹಾಗಾದರೆ ಯಾವುದನ್ನು ನಂಬಬೇಕು? ಎರಡನ್ನೂ. ಆದರೆ ಎರಡೂ ಬೇರೆ ಕಥೆ ಹೇಳುತ್ತವೆ. ಬರೀ ವೈರಸ್ ಇದ್ದರೆ ಒಟ್ಟು ಕಣ ಹೆಚ್ಚಾಗಿ ಮಾಮೂಲಿ ಇರುತ್ತದೆ ಅಥವಾ ಇಳಿದಿರುತ್ತದೆ. 12,000 ಕಂಡರೆ ಮೇಲಿಂದ ಬ್ಯಾಕ್ಟೀರಿಯಾ ಸೇರಿದೆಯಾ ಅಂತ ಅನುಮಾನ ಬರಬೇಕು. ಇಲ್ಲವೇ ಸ್ಟೀರಾಯ್ಡ್ ಶುರುವಾಗಿದೆಯಾ ಅಂತ ಕೇಳಬೇಕು. ಸ್ಟೀರಾಯ್ಡ್ ಕೊಟ್ಟರೆ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ರಕ್ತದ ಹರಿವಿಗೆ ಇಳಿಯುತ್ತವೆ, ಲಿಂಫೋಸೈಟ್ ಕುಗ್ಗುತ್ತದೆ. ರೋಗ ಏರದಿದ್ದರೂ ಅನುಪಾತ ಏರುತ್ತದೆ. ಹಾಗಾಗಿ ನನ್ನ ಪುಸ್ತಕದಲ್ಲಿ ಎನ್‌ಎಲ್‌ಆರ್ ಪಕ್ಕ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: ರಕ್ತ ತೆಗೆದದ್ದು ಮೊದಲ ಡೋಸ್‌ಗೆ ಮುಂಚೆಯೋ, ಆಮೇಲೋ?

ಉಳಿದದ್ದು ಬೇಗ ಹೇಳುತ್ತೇನೆ. ಸಿಆರ್‌ಪಿಯಲ್ಲಿ ಯೂನಿಟ್ ನೋಡಿ, ಡೆಸಿಲೀಟರ್‌ಗೆ 8 ಮಿಗ್ರಾಂ ಅಂದರೆ ಲೀಟರ್‌ಗೆ 80. ಡಿ-ಡೈಮರ್ ವಯಸ್ಸಾದಂತೆ ಮತ್ತು ಬಸುರಿಯರಲ್ಲಿ ತಾನೇ ಏರಿರುತ್ತದೆ. ಎಲ್‌ಡಿಎಚ್ ಶ್ವಾಸಕೋಶದ ಜೀವಕೋಶ ಒಡೆದಾಗ ಹೊರಬರುತ್ತದೆ, ಆದರೆ ಕೆಂಪು ರಕ್ತಕಣದಲ್ಲೂ ತುಂಬಿದೆ. ಸೋಮವಾರಪೇಟೆ ಕಡೆಯಿಂದ ಮಡಿಕೇರಿಗೆ ತಿರುವುಗಳಲ್ಲಿ ಕುಲುಕಾಡುತ್ತಾ ಬಂದ ಟ್ಯೂಬ್‌ನಲ್ಲಿ ಆ ಕಣ ಒಡೆದಿದ್ದರೂ ಎಲ್‌ಡಿಎಚ್ ಜಾಸ್ತಿ ತೋರಿಸುತ್ತದೆ. ಸೀರಂ ಕೆಂಪಗಿದ್ದರೆ ಹೊಸ ಸ್ಯಾಂಪಲ್ ಕೇಳಿ.

ಇನ್ನು ನ್ಯುಮೋನಿಯಾ ಎಷ್ಟು ಜೋರು ಅಂತ ಅಳೆಯುವ ಕರ್ಬ್-65 ಸ್ಕೋರಿನಲ್ಲಿ ಯೂರಿಯಾ ಗಡಿ ಲೀಟರ್‌ಗೆ 7 ಮಿಲಿಮೋಲ್. ನಮ್ಮ ಲ್ಯಾಬ್‌ಗಳ ಬ್ಲಡ್ ಯೂರಿಯಾ ಲೆಕ್ಕದಲ್ಲಿ ಡೆಸಿಲೀಟರ್‌ಗೆ ಸುಮಾರು 42 ಮಿಗ್ರಾಂ. ಬಿಯುಎನ್ (ಯೂರಿಯಾದಲ್ಲಿರುವ ನೈಟ್ರೋಜನ್ ಮಾತ್ರ) ಅಂತ ಬರೆದಿದ್ದರೆ ಸುಮಾರು 20. ಅಲ್ಲೂ ಒಮ್ಮೆ ತಪ್ಪಿದ್ದೇನೆ, ಅದನ್ನು ಅಪ್ಪನಿಗೆ ಹೇಳಿಲ್ಲ.