ಆರ್‌ಸಿ ಬಗ್ಗಿಗೆ ಗೇರ್‌ಬಾಕ್ಸ್ ನಾವೇ ಡಿಸೈನ್ ಮಾಡುವುದು: ಹಲ್ಲು ಆಮೇಲೆ, ಅಂತರ ಮೊದಲು

1/10 ಅಳತೆಯ ಆಫ್‌ರೋಡ್ ಬಗ್ಗಿ, ಅಂದರೆ ರೇಡಿಯೋ ಕಂಟ್ರೋಲ್‌ನಿಂದ (ಆರ್‌ಸಿ) ಓಡುವ ಮಾದರಿ ಕಾರು, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಡ್ರೈವ್. ಇದಕ್ಕೆ ಗೇರ್‌ಬಾಕ್ಸ್ ಭಾಗಗಳನ್ನು ನಾವೇ ಬರೆಯುವುದು ಹೇಗೆ ಅನ್ನುವುದಕ್ಕೆ ಈ ಟಿಪ್ಪಣಿ. ಕ್ಯಾಡ್ ಸ್ವಲ್ಪ ಬರುತ್ತದೆ, ಗೇರ್ ಬಗ್ಗೆ ಅಷ್ಟೇನೂ ಗೊತ್ತಿಲ್ಲ ಅನ್ನುವವರಿಗೆ ಸಾಕಾಗುವಷ್ಟು ಬರೆದಿದ್ದೇನೆ.

ಹೊಸಬರು ಸಾಮಾನ್ಯವಾಗಿ ಕ್ಯಾಡ್ ತೆರೆದ ಕೂಡಲೇ ಗೇರ್ ಟೂಲ್ ಒತ್ತಿ ಚೆಂದದ ಹಲ್ಲು ಬರೆಯಲು ಶುರು ಮಾಡುತ್ತಾರೆ. ಅದು ಕೊನೆಯ ಕೆಲಸ. ಗೇರ್‌ಬಾಕ್ಸಿನಲ್ಲಿ ನಿಜವಾದ ಯಜಮಾನ ಎರಡು ಶಾಫ್ಟ್‌ಗಳ ಮಧ್ಯದ ಅಂತರ. ಹಲ್ಲಿನ ಗಾತ್ರ, ಬೇರಿಂಗ್, ಕೇಸಿನ ಗೋಡೆ, ಮೋಟರ್ ಕೂರುವ ಜಾಗ, ಬಿಸಿಯಾದಾಗ ಗೇರ್ ಬಿಗಿಯಾಗುವುದು, ಎಲ್ಲವೂ ಆ ಒಂದು ಅಳತೆಗೆ ಬಂದು ನಿಲ್ಲುತ್ತವೆ.

ಮೊದಲು ಪಿಚ್ ಲೆಕ್ಕ

ಆರ್‌ಸಿ ಲೋಕದಲ್ಲಿ ಎರಡು ಅಳತೆ ಪದ್ಧತಿ ಕಲಸಿಕೊಂಡಿವೆ. ಒಂದು ಪಿಚ್: ಒಂದು ಇಂಚು ವ್ಯಾಸಕ್ಕೆ ಎಷ್ಟು ಹಲ್ಲು ಅಂತ. ಇನ್ನೊಂದು ಮಾಡ್ಯೂಲ್: ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಹಲ್ಲಿನ ಸಂಖ್ಯೆಯಿಂದ ಭಾಗಿಸುವುದು. 25.4 ಅನ್ನು ಪಿಚ್‌ನಿಂದ ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ. 48 ಪಿಚ್ ಅಂದರೆ 0.529. ಇದನ್ನು 0.5 ಮಾಡ್ಯೂಲ್ ಜೊತೆ ಹಾಕಿದರೆ ಸುಮ್ನೆ ಕಿರಿಕಿರಿ ಸದ್ದು, ಆಮೇಲೆ ಹಲ್ಲು ಸವೆತ. 32 ಪಿಚ್ ಮಾತ್ರ 0.794 ಆಗಿರುವುದರಿಂದ 0.8 ಮಾಡ್ಯೂಲ್ ಜೊತೆ ಹೆಚ್ಚುಕಡಿಮೆ ಹೊಂದಿಕೊಳ್ಳುತ್ತದೆ, ಜನ ಓಡಿಸುತ್ತಾರೆ ಕೂಡ.

ಅಂತರದ ಸೂತ್ರ ಸುಲಭ. ಎರಡು ಗೇರ್‌ಗಳ ಹಲ್ಲು ಕೂಡಿಸಿ, ಮಾಡ್ಯೂಲ್‌ನಿಂದ ಗುಣಿಸಿ, ಅರ್ಧ ಮಾಡಿ. ಸ್ಪರ್ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) 78, ಪಿನಿಯನ್ (ಮೋಟರ್ ಶಾಫ್ಟಿನ ಚಿಕ್ಕ ಗೇರ್) 24, 48 ಪಿಚ್ ಆದರೆ 102 × 0.529 ÷ 2, ಅಂದರೆ ಸರಿಸುಮಾರು 27 ಮಿ.ಮೀ. ಪಿನಿಯನ್ ಬದಲಿಸಿದಾಗ ಈ ಅಂತರ ಬದಲಾಗುತ್ತದೆ, ಮೋಟರ್ ಪ್ಲೇಟಿನಲ್ಲಿ ಉದ್ದ ಸ್ಲಾಟ್ ಇರುವುದು ಅದಕ್ಕೇ. ಒಳಗಿನ ಗೇರ್‌ಗಳಿಗೆ ಆ ಸೌಲಭ್ಯ ಇಲ್ಲ. ಅಲ್ಲಿ ಬರೆದದ್ದೇ ಬರೆದದ್ದು.

ಒಳಗಿನ ಮೂರು ಗೇರ್

ಉದಾಹರಣೆಗೆ ಒಳಗಿನ ಅನುಪಾತ 2.6:1 ಬೇಕು ಅಂದುಕೊಳ್ಳೋಣ, ಈ ವರ್ಗದ ಬಗ್ಗಿಗಳಲ್ಲಿ ಇದು ತೀರಾ ಸಾಮಾನ್ಯ. ಟಾಪ್ ಶಾಫ್ಟಿನ (ಸ್ಪರ್ ಕೂರುವ ಶಾಫ್ಟ್) ಗೇರ್ 20 ಹಲ್ಲು, ಡಿಫ್ (ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್) ಗೇರ್ 52. ಇವೆರಡನ್ನು ಸೇರಿಸುವ ಮಧ್ಯದ ಗೇರ್, ಅಂದರೆ ಐಡ್ಲರ್, ಎಷ್ಟು ಹಲ್ಲಿನದಾದರೂ ಅನುಪಾತ ಬದಲಾಗುವುದಿಲ್ಲ, ಅದು ತಿರುಗುವ ದಿಕ್ಕನ್ನೂ ಜಾಗವನ್ನೂ ಮಾತ್ರ ನಿರ್ಧರಿಸುತ್ತದೆ. 32 ಇಟ್ಟುಕೊಳ್ಳೋಣ. 78/24 ಸ್ಪರ್ ಪಿನಿಯನ್ ಸೇರಿದರೆ ಒಟ್ಟು ಅನುಪಾತ 3.25 × 2.6 = 8.45.

ಈಗ ಅಂತರ ನೋಡಿ. ಟಾಪ್ ಶಾಫ್ಟಿನಿಂದ ಐಡ್ಲರ್‌ಗೆ 13.76 ಮಿ.ಮೀ., ಐಡ್ಲರ್‌ನಿಂದ ಡಿಫ್‌ಗೆ 22.23 ಮಿ.ಮೀ. ಟಾಪ್ ಶಾಫ್ಟಿಗೂ ಐಡ್ಲರ್‌ಗೂ 5×10×4 ಬೇರಿಂಗ್ (ಒಳ ವ್ಯಾಸ 5, ಹೊರ ವ್ಯಾಸ 10, ದಪ್ಪ 4 ಮಿ.ಮೀ.) ಹಾಕಿದರೆ ಎರಡು ಬೇರಿಂಗ್ ಗುಂಡಿಗಳ ಮಧ್ಯೆ ಉಳಿಯುವ ಗೋಡೆ 3.76 ಮಿ.ಮೀ. ಅಷ್ಟಾದರೆ ತೊಂದರೆ ಇಲ್ಲ. ಐಡ್ಲರ್ ಅನ್ನು 24ಕ್ಕೆ ಇಳಿಸಿ ಕೇಸ್ ಚಿಕ್ಕದು ಮಾಡೋಣ ಅಂತ ಹೊರಟರೆ ಗೋಡೆ 1.64ಕ್ಕೆ ಬರುತ್ತದೆ. ಪ್ಲಾಸ್ಟಿಕ್ ಕೇಸಿನಲ್ಲಿ ಅದು ಒಡೆಯುವ ಜಾಗ.

ಇನ್ನು ಮಡಿಸುವ ಕೋನ, ಅಂದರೆ ಐಡ್ಲರ್‌ನಿಂದ ಟಾಪ್ ಶಾಫ್ಟಿಗೂ ಡಿಫ್‌ಗೂ ಎಳೆದ ಗೆರೆಗಳ ನಡುವಿನ ಕೋನ. ಮೂರೂ ಗೇರ್ ನೇರ ಸಾಲಿನಲ್ಲಿ ಇಟ್ಟರೆ ಕೇಸ್ ಉದ್ದ. ಐಡ್ಲರ್ ಹತ್ತಿರ ಮಡಿಸಿದರೆ ಮೋಟರ್ ಕೆಳಗೆ ಬರುತ್ತದೆ, ತೂಕದ ಕೇಂದ್ರ ಇಳಿಯುತ್ತದೆ. ಲೇಡೌನ್ ಗೇರ್‌ಬಾಕ್ಸ್ ಅನ್ನುವುದು ಇದನ್ನೇ. ಹಾಗಾದರೆ 90 ಡಿಗ್ರಿಗೆ ಮಡಿಸೋಣ ಅಲ್ವಾ? ಲೆಕ್ಕ ಹಾಕಿ ನೋಡಿ. ಟಾಪ್ ಶಾಫ್ಟಿಗೂ ಡಿಫ್‌ಗೂ ನೇರ ಅಂತರ 26.1 ಮಿ.ಮೀ. ಬರುತ್ತದೆ. ಒಳಗಿನ ಗೇರ್‌ಗಳು ಒಂದಕ್ಕೊಂದು ತಾಗುವುದಿಲ್ಲ, ನೋಡಲು ಎಲ್ಲ ಚೆನ್ನಾಗಿದೆ. ಆದರೆ ಹೊರಗೆ ಟಾಪ್ ಶಾಫ್ಟಿನ ಮೇಲೆ 78 ಹಲ್ಲಿನ ಸ್ಪರ್ ಇದೆ, ಅದರ ಹೊರ ತ್ರಿಜ್ಯ 21.2. ಉಳಿದದ್ದು 4.9 ಮಿ.ಮೀ., ಆ ಜಾಗದಲ್ಲೇ ಡಿಫ್‌ನ ಔಟ್‌ಡ್ರೈವ್ ಕಪ್ (ಚಕ್ರಕ್ಕೆ ಹೋಗುವ ಶಾಫ್ಟ್ ಕೂರುವ ಬಟ್ಟಲು) ತಿರುಗಬೇಕು, ಅದರ ತ್ರಿಜ್ಯವೇ 7 ಅಂತ ಇಟ್ಟುಕೊಂಡರೆ ಸ್ಪರ್ ನೇರ ಅದರೊಳಗೆ ನುಗ್ಗಿದ ಹಾಗೆ. ಒಂದು ಮಿಲಿಮೀಟರ್ ಸಂದು ಬಿಟ್ಟು ಹಿಂದಕ್ಕೆ ಲೆಕ್ಕ ಹಾಕಿದರೆ ಕೋನ ಕನಿಷ್ಠ 106 ಡಿಗ್ರಿ ಇರಬೇಕು. ಕೇಸಿನ ಒಳಗಷ್ಟೇ ನೋಡಿದರೆ ಇದು ಸಿಗುವುದಿಲ್ಲ. ಸ್ಪರ್, ಔಟ್‌ಡ್ರೈವ್, ಮೋಟರ್ ಮೂರನ್ನೂ ಸ್ಕೆಚ್ಚಿನಲ್ಲಿ ಸುಮ್ನೆ ವೃತ್ತಗಳಾಗಿ ಹಾಕಿಡಿ, ಹಲ್ಲು ಬೇಡ.

ಮೋಟರ್ ವೃತ್ತ ಮರೆಯಬೇಡಿ. 540 ಅನ್ನುವ ಗಾತ್ರದ ಮೋಟರಿನ ಡಬ್ಬಿ ಸುಮಾರು 36 ಮಿ.ಮೀ. ವ್ಯಾಸ, ಸ್ಕ್ರೂ ರಂಧ್ರಗಳ ಅಂತರ 25, ಶಾಫ್ಟ್ 3.175. ಡಬ್ಬಿ ಕೂರುವುದು ಪ್ಲೇಟಿನ ಒಳಬದಿಗೆ, ಗೇರ್‌ಬಾಕ್ಸ್ ಪಕ್ಕದಲ್ಲೇ. ಬೇರಿಂಗ್ ಸುತ್ತ 2 ಮಿ.ಮೀ. ಗೋಡೆ ಬಿಟ್ಟರೆ ಟಾಪ್ ಶಾಫ್ಟ್ ಸುತ್ತ 7, ಮೋಟರಿನ 18, ಒಟ್ಟು 25. ಪಿನಿಯನ್ 18ಕ್ಕೆ ಇಳಿಸಿದರೆ ಅಂತರ 25.4. ಅಂದರೆ ಸಂದು 0.4 ಮಿ.ಮೀ. ಮಾತ್ರ. ಅದಕ್ಕಿಂತ ಚಿಕ್ಕ ಪಿನಿಯನ್ ನಿಮ್ಮ ಬಗ್ಗಿಗೆ ಇಲ್ಲ ಅಂತಲೇ ಅರ್ಥ, ಬೇಕಿದ್ದರೆ ಸ್ಪರ್ ದೊಡ್ಡದು ಮಾಡಬೇಕು.

ಮೂರೋ ನಾಲ್ಕೋ

ಮೂರು ಗೇರ್ ಇದ್ದಾಗ ಮೋಟರ್ ಚಕ್ರಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಇನ್ನೊಂದು ಐಡ್ಲರ್ ಸೇರಿಸಿ ನಾಲ್ಕು ಮಾಡಿದರೆ ಅದೇ ದಿಕ್ಕಿನಲ್ಲಿ. ಮೋಟರ್ ವೇಗ ಏರಿಸಿಕೊಳ್ಳುವಾಗ ಬಗ್ಗಿಯ ದೇಹವನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ನಾಲ್ಕು ಗೇರ್‌ನಲ್ಲಿ ಆ ತಳ್ಳುವಿಕೆ ಮೂತಿಯನ್ನು ಮೇಲಕ್ಕೆತ್ತಿ ಹಿಂಬದಿಯನ್ನು ಒತ್ತುತ್ತದೆ, ಜಾರುವ ಟ್ರ್ಯಾಕಿನಲ್ಲಿ ಹಿಡಿತ ಜಾಸ್ತಿ ಸಿಗುತ್ತದೆ. ಮೂರು ಗೇರ್‌ನಲ್ಲಿ ಉಲ್ಟಾ, ಮೂತಿ ಕೆಳಗೇ ಉಳಿಯುತ್ತದೆ, ಹಿಡಿತ ಚೆನ್ನಾಗಿರುವ ಟ್ರ್ಯಾಕಿಗೆ ಅದೇ ವಾಸಿ. ಒಂದು ಗೇರ್ ಜಾಸ್ತಿ ಅಂದರೆ ಒಂದು ಘರ್ಷಣೆಯೂ ಜಾಸ್ತಿ. ಹಾಗೆಯೇ, ಹಿಂದಿನ ಚಕ್ರಗಳ ಹಿಂದೆ ಮೋಟರ್ ಇದ್ದ ಗೇರ್‌ಬಾಕ್ಸನ್ನು ಹಿಂದುಮುಂದು ತಿರುಗಿಸಿ, ಮೋಟರ್ ಆ ಚಕ್ರಗಳ ಮುಂದೆ ಬರುವ ಮಿಡ್ ಮೋಟರ್ ಮಾಡಿದರೆ ಬಗ್ಗಿ ರಿವರ್ಸ್ ಓಡುತ್ತದೆ. ಆಗ ಮೋಟರ್ ದಿಕ್ಕು ಬದಲಿಸಬೇಕು, ಇಲ್ಲವೇ ಗೇರ್ ಸೇರಿಸಬೇಕು.

ಹಲ್ಲು ತಡೆಯುತ್ತದಾ?

ಮೋಟರ್ ಎಷ್ಟು ಟಾರ್ಕ್ ಕೊಡುತ್ತದೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಟೈರ್ ಎಷ್ಟು ಹಿಡಿಯುತ್ತದೋ ಅಷ್ಟೇ ಹಲ್ಲಿಗೆ ಬರುವುದು, ಅದಕ್ಕಿಂತ ಜಾಸ್ತಿ ಆದರೆ ಟೈರ್ ಜಾರುತ್ತದೆ. 1.6 ಕೆ.ಜಿ. ಬಗ್ಗಿ, ಪೂರ್ತಿ ತೂಕ ಹಿಂದಿನ ಚಕ್ರದ ಮೇಲೆ, ಘರ್ಷಣೆ ಗುಣಾಂಕ 1, ಚಕ್ರದ ತ್ರಿಜ್ಯ 42 ಮಿ.ಮೀ. ಅಂದುಕೊಂಡರೆ ಡಿಫ್‌ಗೆ 0.66 ನ್ಯೂಟನ್ ಮೀಟರ್. ಡಿಫ್ ಗೇರ್ ತ್ರಿಜ್ಯ 13.76 ಮಿ.ಮೀ., ಹಾಗಾಗಿ ಹಲ್ಲಿನ ಮೇಲೆ 48 ನ್ಯೂಟನ್ ಬಲ. ಮೂರೂ ಗೇರ್‌ಗೆ ಇದೇ ಬಲ.

ಹಲ್ಲನ್ನು ಒಂದು ಚಿಕ್ಕ ತೊಲೆಯಂತೆ ನೋಡುವ ಲೂಯಿಸ್ ಸೂತ್ರ ಹೀಗಿದೆ: ಬಲವನ್ನು ಅಗಲ, ಮಾಡ್ಯೂಲ್, ಆಕಾರ ಗುಣಾಂಕ ಮೂರರ ಗುಣಲಬ್ಧದಿಂದ ಭಾಗಿಸಬೇಕು. ಆಕಾರ ಗುಣಾಂಕ ಹಲ್ಲಿನ ಸಂಖ್ಯೆಗೆ ತಕ್ಕಂತೆ ಕೋಷ್ಟಕದಲ್ಲಿ ಸಿಗುತ್ತದೆ, 20 ಹಲ್ಲಿಗೆ 0.322. ಅಗಲ 5 ಮಿ.ಮೀ. ಆದರೆ ಒತ್ತಡ ಸುಮಾರು 56 ಮೆಗಾಪಾಸ್ಕಲ್. ಅಸಿಟಾಲ್, ಅಂದರೆ ಡೆಲ್ರಿನ್ ತರಹದ ಪ್ಲಾಸ್ಟಿಕ್ ಬಾಗಿ ಕೆಡುವುದು 60ರಿಂದ 70ರ ಆಸುಪಾಸಿನಲ್ಲಿ. ತೀರಾ ಹತ್ತಿರ. ಒಂದೇ ಹಲ್ಲು ತುದಿಯಲ್ಲಿ ಪೂರ್ತಿ ಭಾರ ಹೊರುತ್ತದೆ ಅಂತ ಸೂತ್ರ ಅಂದುಕೊಳ್ಳುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆಯೇ ಇರುತ್ತದೆ, ಆದರೂ ಲಕ್ಷಾಂತರ ಸುತ್ತು ತಿರುಗುವ ಭಾಗಕ್ಕೆ ಇದು ನೆಮ್ಮದಿಯ ಅಂಕಿ ಅಲ್ಲ.

ಆಗ ಎಲ್ಲರೂ ಹೇಳುವುದು "ಮಾಡ್ಯೂಲ್ ದೊಡ್ಡದು ಮಾಡು" ಅಂತ. ಮಾಡಿ ನೋಡೋಣ. 0.6 ಮಾಡ್ಯೂಲ್, ಅದೇ ಗಾತ್ರದಲ್ಲಿ ಕೂರಬೇಕು, ಹಾಗಾಗಿ 18 ಮತ್ತು 46 ಹಲ್ಲು. ಹಲ್ಲು ಕಡಿಮೆಯಾದ್ದರಿಂದ ಆಕಾರ ಗುಣಾಂಕವೂ 0.308ಕ್ಕೆ ಇಳಿಯಿತು. ಒತ್ತಡ 52. ಇಷ್ಟೇ ಲಾಭ. ಅದೇ ಅಗಲವನ್ನು 5ರಿಂದ 6.5ಕ್ಕೆ ಏರಿಸಿ, ಒತ್ತಡ 43. ಅಂತರ ಕಟ್ಟಿಹಾಕಿದ ಮೇಲೆ ಅಗಲ ಕೊಡುವಷ್ಟು ಲಾಭ ಮಾಡ್ಯೂಲ್ ಕೊಡುವುದಿಲ್ಲ. ನನ್ನ ಆಯ್ಕೆ: ಟಾಪ್ ಗೇರ್ ಉಕ್ಕು ಅಥವಾ ಗಟ್ಟಿ ಅನೋಡೈಸ್ ಮಾಡಿದ ಅಲ್ಯೂಮಿನಿಯಂ, ಉಳಿದೆರಡು ಅಗಲ ಅಸಿಟಾಲ್.

ಆಮೇಲೆ ಗಮನ ಐಡ್ಲರ್ ಕಡೆ ಹೋಗಬೇಕು. ಉಳಿದ ಗೇರ್‌ಗಳ ಹಲ್ಲು ಆಕ್ಸಿಲರೇಟ್ ಮಾಡುವಾಗ ಒಂದೇ ಬದಿಗೆ ಬಾಗುತ್ತದೆ. ಐಡ್ಲರ್ ಹಲ್ಲು ಒಂದು ಸುತ್ತಿನಲ್ಲಿ ಎರಡು ಸಲ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ. ಹೀಗೆ ಹಿಂದೆಮುಂದೆ ಬಾಗುವ ಹಲ್ಲಿಗೆ ಸಾಮಾನ್ಯವಾಗಿ ಅದರ ತಡೆಯುವ ಶಕ್ತಿಯಲ್ಲಿ ಶೇ. 70ರಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಸಾಲದ್ದಕ್ಕೆ ಮೂರು ಗೇರ್ ಹೆಚ್ಚುಕಡಿಮೆ ಸಾಲಾಗಿ ನಿಂತಿದ್ದರೆ ಐಡ್ಲರ್ ಶಾಫ್ಟಿನ ಮೇಲೆ ಎರಡೂ ಕಡೆಯ ಬಲ ಕೂಡಿ 96 ನ್ಯೂಟನ್ ಆಗುತ್ತದೆ. ಹಾಗಾಗಿ ಕೇಸಿನ ಎರಡು ಭಾಗ ಸೇರಿಸುವ ಸ್ಕ್ರೂಗಳಲ್ಲಿ ಒಂದಾದರೂ ಐಡ್ಲರ್ ಪಕ್ಕ ಇರಲಿ. ಚೆಂದಕ್ಕೆ ನಾಲ್ಕು ಮೂಲೆಗೆ ಹಾಕುವ ಅಭ್ಯಾಸ ಬಿಡಿ.

ಜಂಪ್ ಮುಗಿಸಿ ಥ್ರಾಟಲ್ ಒತ್ತಿಕೊಂಡೇ ಇಳಿದರೆ ಜೋರಾಗಿ ತಿರುಗುತ್ತಿದ್ದ ಚಕ್ರ ನೆಲ ಕಚ್ಚಿ ಒಮ್ಮೆಲೇ ನಿಧಾನವಾಗುತ್ತದೆ, ಆ ಏಟು ಮೇಲಿನ ಲೆಕ್ಕವನ್ನೆಲ್ಲ ಮೀರುತ್ತದೆ. ಸ್ಪರ್‌ಗೂ ಟಾಪ್ ಶಾಫ್ಟಿಗೂ ಮಧ್ಯೆ, ಏಟು ಜಾಸ್ತಿಯಾದಾಗ ಜಾರುವ ಸ್ಲಿಪ್ಪರ್ ಕ್ಲಚ್ ಇರುವುದು ಇದಕ್ಕೆ. ಟಾಪ್ ಶಾಫ್ಟಿನಲ್ಲಿ ಟೈರ್ ಮಿತಿ 0.66 ÷ 2.6, ಅಂದರೆ 0.25 ನ್ಯೂಟನ್ ಮೀಟರ್. ಸ್ಲಿಪ್ಪರ್ ಅದಕ್ಕಿಂತ ಸ್ವಲ್ಪವೇ ಮೇಲೆ ಜಾರಬೇಕು. ಪೂರ್ತಿ ಬಿಗಿ ಮಾಡಿದರೆ ಹಲ್ಲೇ ಸ್ಲಿಪ್ಪರ್ ಆಗುತ್ತದೆ.

17ಕ್ಕಿಂತ ಕಡಿಮೆ ಹಲ್ಲು ಬೇಕಾದರೆ, 20 ಡಿಗ್ರಿ ಒತ್ತಡ ಕೋನದಲ್ಲಿ (ಹಲ್ಲು ಹಲ್ಲನ್ನು ತಳ್ಳುವ ಓರೆ) ಹಲ್ಲಿನ ಬುಡ ಕೊರೆದುಹೋಗುತ್ತದೆ. ಆಗ ಪ್ರೊಫೈಲ್ ಶಿಫ್ಟ್ ಕೊಡಬೇಕು, ಅಂದರೆ ಹಲ್ಲಿನ ಆಕಾರವನ್ನು ಮಾಡ್ಯೂಲಿನ ಇಷ್ಟು ಪಾಲು ಹೊರಕ್ಕೆ ಸರಿಸಬೇಕು: 15 ಹಲ್ಲಿಗೆ (17 − 15) ÷ 17, ಸುಮಾರು 0.12. ಜೋಡಿ ಗೇರ್‌ಗೆ ಅಷ್ಟೇ ಮೈನಸ್ ಕೊಟ್ಟರೆ ಅಂತರ ಹಾಗೇ ಉಳಿಯುತ್ತದೆ.

ಸಡಿಲ ಎಷ್ಟು ಬಿಡಬೇಕು

ಅಂತರ 0.1 ಮಿ.ಮೀ. ಜಾಸ್ತಿಯಾದರೆ ಹಲ್ಲುಗಳ ನಡುವಿನ ಸಡಿಲ 0.07 ಹೆಚ್ಚುತ್ತದೆ. ಇದು ನೆನಪಿರಲಿ. ಈಗ ಬಿಸಿ. ಅಸಿಟಾಲ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 110 ಮೈಕ್ರಾನ್ ಹಿಗ್ಗುತ್ತದೆ, ಅಲ್ಯೂಮಿನಿಯಂ 23. ಅಲ್ಯೂಮಿನಿಯಂ ಕೇಸಿನಲ್ಲಿ ಅಸಿಟಾಲ್ ಐಡ್ಲರ್ ಮತ್ತು ಡಿಫ್ ಗೇರ್ ಇಟ್ಟು 40 ಡಿಗ್ರಿ ಬಿಸಿ ಏರಿದರೆ, ಗೇರ್‌ಗಳು ಕೇಸಿಗಿಂತ 0.077 ಮಿ.ಮೀ. ಜಾಸ್ತಿ ಹಿಗ್ಗಿರುತ್ತವೆ. ಸಡಿಲದಲ್ಲಿ 0.056 ಹೋಯಿತು. ತಣ್ಣಗಿದ್ದಾಗ 0.05 ಬಿಟ್ಟು ರೇಷ್ಮೆಯಂತೆ ತಿರುಗಿಸಿ ಖುಷಿಪಟ್ಟ ಗೇರ್‌ಬಾಕ್ಸ್ ಓಟದ ಮಧ್ಯೆ ಹಿಡಿದುಕೊಳ್ಳುವುದು ಹೀಗೆ. 0.1ರ ಸುತ್ತ ಇಟ್ಟರೆ ಸರಿ. ನೈಲಾನ್ ಆದರೆ ತೇವ ಹೀರಿ ಊದಿಕೊಳ್ಳುವುದೂ ಸೇರುತ್ತದೆ, ಅದಕ್ಕೇ ಗೇರ್‌ಗೆ ನನ್ನ ಒಲವು ಅಸಿಟಾಲ್ ಕಡೆ.

ಪ್ರಿಂಟ್ ಮಾಡುವುದಾದರೆ

48 ಪಿಚ್ ಹಲ್ಲಿನ ದಪ್ಪ ಪಿಚ್ ವೃತ್ತದಲ್ಲಿ 0.83 ಮಿ.ಮೀ. ಸಾಮಾನ್ಯ 0.4 ನಾಝಲ್‌ಗೆ ಅದು ಎರಡೇ ಗೆರೆ, ಮಧ್ಯೆ ತುಂಬಲು ಏನೂ ಇಲ್ಲ, ತುದಿಯಲ್ಲಂತೂ ಒಂದು ಗೆರೆಗೂ ಪರದಾಟ. ಹಾಗಾಗಿ ಫಿಲಮೆಂಟ್ ಪ್ರಿಂಟರನ್ನು ಕೇಸ್ ಮತ್ತು ಅಳತೆ ನೋಡುವ ಮಾದರಿಗೆ ಇಟ್ಟುಕೊಳ್ಳಿ, ಓಡುವ ಗೇರ್ ಅನ್ನು ಮಷಿನ್ ಮಾಡಿಸಿ. ಪ್ರಿಂಟ್ ಮಾಡಲೇಬೇಕು ಅಂದರೆ ಗೇರ್ ಮಲಗಿಸಿಯೇ ಮಾಡಿ, ಪದರಗಳು ಶಾಫ್ಟ್ ದಿಕ್ಕಿನಲ್ಲಿ ಒಂದರ ಮೇಲೊಂದು ಬರಬೇಕು. ನಿಲ್ಲಿಸಿ ಮಾಡಿದರೆ ಕೆಲವು ಹಲ್ಲುಗಳು ಪದರದ ಗೆರೆಗುಂಟ ಕಿತ್ತು ಬರುತ್ತವೆ.

ಕೇಸಿನಲ್ಲಿ ಪ್ರಿಂಟ್ ಮಾಡಿದ ರಂಧ್ರ ಬರೆದದ್ದಕ್ಕಿಂತ ಚಿಕ್ಕದಾಗಿ ಬರುತ್ತದೆ. ಪೂರ್ತಿ ಕೇಸ್ ಪ್ರಿಂಟ್ ಮಾಡಿ ಪರೀಕ್ಷೆ ಮಾಡುವುದು ದಂಡ. ಎರಡು ಬೇರಿಂಗ್ ಗುಂಡಿ ಇರುವ 6 ಮಿ.ಮೀ. ದಪ್ಪದ ಚಿಕ್ಕ ತುಂಡು ಸಾಕು. ಬೇರಿಂಗ್ ಹೆಬ್ಬೆರಳಿನ ಒತ್ತಿಗೆ ಕೂರಬೇಕು, ಕೂತ ಮೇಲೂ ಸಲೀಸಾಗಿ ತಿರುಗಬೇಕು, ಅಂತರ ಕ್ಯಾಲಿಪರ್‌ನಲ್ಲಿ 0.05 ಒಳಗೆ ಬರಬೇಕು. ಎಡ ಬಲ ಎರಡು ಅರ್ಧಗಳ ಗುಂಡಿಗಳು ಒಂದೇ ಗೆರೆಯಲ್ಲಿರಲು ಎರಡು ಡೋವೆಲ್ ಪಿನ್ (ಜಾಗ ಹಿಡಿದಿಡುವ ನುಣುಪು ಕಡ್ಡಿ) ಹಾಕಿ, ಸ್ಕ್ರೂ ನಂಬಬೇಡಿ.

ಡಿಫ್ ಒಳಗಿನ ಚಿಕ್ಕ ಬೆವೆಲ್ ಗೇರ್‌ಗಳನ್ನು ಮಾಡಲು ಹೋಗಬೇಡಿ. ಸಿದ್ಧವಾದದ್ದು ತಂದು ಅದರ ಸುತ್ತ ಕೇಸ್ ಬರೆಯಿರಿ.

ಹಗುರ ಮಾಡುವ ಹುಚ್ಚಿನ ಬಗ್ಗೆಯೂ ಒಂದು ಮಾತು. ಔಟ್‌ಡ್ರೈವ್ ಕೊರೆದು ಗ್ರಾಂ ಉಳಿಸುವವರು ಇದ್ದಾರೆ. ತಿರುಗುವ ಭಾಗದ ಜಡತ್ವ ಚಕ್ರಕ್ಕೆ ಕಾಣುವುದು ಅನುಪಾತದ ವರ್ಗದಷ್ಟು ದೊಡ್ಡದಾಗಿ: ಟಾಪ್ ಶಾಫ್ಟಿನಲ್ಲಿರುವುದು 6.76 ಪಟ್ಟು, ಮೋಟರ್ ರೋಟರ್ 71 ಪಟ್ಟು, ಡಿಫ್‌ನಲ್ಲಿರುವುದು ಒಂದೇ ಪಟ್ಟು. ಅದರ ಮೇಲೆ ಸ್ಪರ್ ಮತ್ತು ಸ್ಲಿಪ್ಪರ್ ಪ್ಲೇಟ್ ದೊಡ್ಡ ವ್ಯಾಸದವು. ಕೊರೆಯುವುದಾದರೆ ಅಲ್ಲಿ ಕೊರೆಯಿರಿ, ಔಟ್‌ಡ್ರೈವ್ ಉಕ್ಕಿನದೇ ಇರಲಿ, ಪಿನ್ ಉಜ್ಜುವ ಜಾಗ ಬೇಗ ಸವೆಯದು.

ಜೋಡಿಸಿದ ಮೇಲೆ ಗ್ರೀಸ್ ಹಾಕುವ ಮುಂಚೆ ಕೆಲವು ಹಲ್ಲುಗಳಿಗೆ ಮಾರ್ಕರ್ ಬಳಿದು ಕೈಯಲ್ಲಿ ತಿರುಗಿಸಿ. ಬಣ್ಣ ಹಲ್ಲಿನ ಮಧ್ಯದಲ್ಲಿ, ಅಗಲದ ಉದ್ದಕ್ಕೂ ಅಳಿಸಿರಬೇಕು. ಒಂದೇ ಅಂಚಿನಲ್ಲಿ ಅಳಿಸಿದ್ದರೆ ಶಾಫ್ಟ್ ವಾಲಿದೆ, ಎರಡು ಅರ್ಧಗಳ ಗುಂಡಿ ಹೊಂದಿಲ್ಲ. ತುದಿಯಲ್ಲಿ ಮಾತ್ರ ಅಳಿಸಿದ್ದರೆ ಅಂತರ ಜಾಸ್ತಿ. ಬುಡದವರೆಗೂ ಉಜ್ಜಿದ್ದರೆ ಕಡಿಮೆ, ಆಗ ಹಲ್ಲು ತಿದ್ದಲು ಹೋಗದೆ ಕೇಸಿನ ಸ್ಕೆಚ್ ತೆರೆಯಿರಿ.