ಹ್ಯಾನಾ ಮೇಲಿನ ಸಿಟ್ಟು: ‘ಗರ್ಲ್ಸ್’ ನೋಡಿದವರ ಜಗಳದ ಕಥೆ

ಹೋಟೆಲ್ ರೂಮಿನಲ್ಲಿ ಎರಡು ಕವರ್. ಒಂದರ ಮೇಲೆ ಮಗಳ ಹೆಸರು. ಇನ್ನೊಂದು, ರೂಮು ಗುಡಿಸಿ ಒರೆಸುವವರಿಗೆ ಬಿಟ್ಟ ಟಿಪ್ಸು. ಅಪ್ಪ ಅಮ್ಮ ಬೆಳಿಗ್ಗೆಯೇ ರೂಮು ಖಾಲಿ ಮಾಡಿ ಊರಿಗೆ ಹೊರಟುಹೋಗಿದ್ದಾರೆ. ತಡವಾಗಿ ಎದ್ದ ಮಗಳು ಮೊದಲು ರೂಮಿಗೇ ತಿಂಡಿ ತರಿಸಲು ಫೋನ್ ಮಾಡುತ್ತಾಳೆ. ಲೆಕ್ಕ ಚುಕ್ತಾ ಆಗಿದೆ, ಏನೂ ಕಳಿಸೋಕಾಗಲ್ಲ ಅನ್ನುವ ಉತ್ತರ ಬರುತ್ತದೆ. ತನ್ನ ಕವರಿನ ದುಡ್ಡು ತೆಗೆದುಕೊಳ್ಳುತ್ತಾಳೆ. ಆಮೇಲೆ ಇನ್ನೊಂದು ಕವರಿನದನ್ನೂ ಎತ್ತಿಕೊಂಡು ನ್ಯೂಯಾರ್ಕಿನ ಬೀದಿಗೆ ಇಳಿಯುತ್ತಾಳೆ.

ಅಮೆರಿಕದ ಎಚ್‌ಬಿಒ ಚಾನೆಲ್ಲಿನಲ್ಲಿ 2012ರ ಏಪ್ರಿಲ್ 15ರಂದು ಶುರುವಾದ ‘ಗರ್ಲ್ಸ್’ ಹಾಸ್ಯ ಧಾರಾವಾಹಿಯ ಮೊದಲ ಕಂತು ಮುಗಿಯುವುದು ಹೀಗೆ. ಹುಡುಗಿಯ ಹೆಸರು ಹ್ಯಾನಾ ಹೊರ್ವಾತ್, ವಯಸ್ಸು 24. ಆ ರಾತ್ರಿ ಇದನ್ನು ನೋಡಿದವರು ಒಂಬತ್ತು ಲಕ್ಷಕ್ಕೂ ಕಡಿಮೆ. ಅಮೆರಿಕದ ಲೆಕ್ಕದಲ್ಲಿ ಅದು ಚಿಲ್ಲರೆ. ಆದರೆ ಮುಂದಿನ ಐದು ವರ್ಷ, ಆರು ಸೀಸನ್, 62 ಕಂತುಗಳ ಉದ್ದಕ್ಕೂ ಈ ಹುಡುಗಿ ತಿಂದಷ್ಟು ಬೈಗುಳವನ್ನು ಟಿವಿಯ ಕೊಲೆಗಡುಕರೂ ತಿಂದಿರಲಿಕ್ಕಿಲ್ಲ.

ನಾನೂ ಬೈದವನೇ. ಮೊದಲ ಸಲ ಮೂರು ಕಂತು ನೋಡಿ, ಹೊಟ್ಟೆ ತುಂಬಿದವರ ಕಷ್ಟ ನನಗ್ಯಾಕೆ ಅಂತ ಬಿಟ್ಟಿದ್ದೆ. ವರ್ಷಗಳ ನಂತರ ಮತ್ತೆ ಕೂತು ನೋಡಿದಾಗ ಆ ಎರಡನೇ ಕವರ್ ಕಣ್ಣಿಗೆ ಬಿತ್ತು. ಕ್ಯಾಮೆರಾ ಅದನ್ನು ಬೇಕಂತಲೇ ತೋರಿಸುತ್ತಿದೆ. ಅಂದರೆ ಇವಳು ಎಂಥವಳು ಅಂತ ಮಾಡಿದವರಿಗೂ ಗೊತ್ತಿದೆ. ಅಥವಾ ಗೊತ್ತಿದೆಯಾ? ‘ಗರ್ಲ್ಸ್’ ಸುತ್ತ ನಡೆದ ಜಗಳಗಳನ್ನೆಲ್ಲ ಹಿಂದಕ್ಕೆ ಎಳೆದುಕೊಂಡು ಹೋದರೆ ಬುಡದಲ್ಲಿ ಸಿಗುವುದು ಇದೊಂದೇ ಪ್ರಶ್ನೆ.

ಧಾರಾವಾಹಿ ಬರೆದು, ಬಹಳಷ್ಟು ಕಂತು ನಿರ್ದೇಶಿಸಿ, ಹ್ಯಾನಾ ಆಗಿಯೂ ನಟಿಸಿದ ಲೀನಾ ಡನಮ್‌ಗೆ ಆಗ 25. ಹಿಂದೆ ನಿಂತಿದ್ದವರು ಹಾಲಿವುಡ್ಡಿನ ಹಾಸ್ಯ ಚಿತ್ರಗಳ ದೊಡ್ಡ ಕುಳ ಜಡ್ ಅಪಟೋ. ಕಥೆ ಇಷ್ಟೇ: ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ನಾಲ್ಕು ಹುಡುಗಿಯರು. ಹ್ಯಾನಾಗೆ ಲೇಖಕಿ ಆಗಬೇಕು, ಬರೆಯುವುದು ಮಾತ್ರ ಅಪರೂಪ. ಮಾರ್ನಿ ಎಲ್ಲವನ್ನೂ ಇಸ್ತ್ರಿ ಹಾಕಿಟ್ಟಂತೆ ಬದುಕಲು ಹೋಗಿ ಮುಗ್ಗರಿಸುತ್ತಾಳೆ. ಜೆಸ್ಸಾ ಬಂದ ಕಡೆಯೆಲ್ಲ ಬೆಂಕಿ ಇಟ್ಟು ಹೋಗುತ್ತಾಳೆ. ಶೊಶಾನಾ ಉಸಿರು ತೆಗೆದುಕೊಳ್ಳದೆ ಮಾತಾಡುತ್ತಾಳೆ. ಯಾರೂ ಇನ್ನೊಬ್ಬರ ಮಾತು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ.

ಮೊದಲ ದೃಶ್ಯದಲ್ಲೇ ಕಾಲೇಜು ಪ್ರೊಫೆಸರರಾದ ಅಪ್ಪ ಅಮ್ಮ ಊಟದ ಟೇಬಲ್ಲಿನಲ್ಲಿ ಹೇಳುತ್ತಾರೆ: ಇನ್ನು ದುಡ್ಡು ಕಳಿಸಲ್ಲ. ಕಾಲೇಜು ಮುಗಿದು ಎರಡು ವರ್ಷ ಆಯಿತಲ್ಲ? ಹ್ಯಾನಾಗೆ ಗಾಬರಿ. ಒಂದು ಪ್ರಕಾಶನ ಸಂಸ್ಥೆಯಲ್ಲಿ ವರ್ಷದಿಂದ ಬಿಟ್ಟಿ ಚಾಕರಿ, ಅಂದರೆ ಸಂಬಳವಿಲ್ಲದ ಇಂಟರ್ನ್‌ಶಿಪ್. ಸಂಬಳ ಕೇಳಲು ಹೋದರೆ, ಸಾಹೇಬರು ಅವಳು ಕೆಲಸ ಬಿಡುತ್ತಿದ್ದಾಳೆ ಅಂದುಕೊಂಡು ಬೀಳ್ಕೊಡುತ್ತಾರೆ. ಜಾಯ್ ಲಿನ್ ಅನ್ನುವ ಇನ್ನೊಬ್ಬ ಇಂಟರ್ನ್‌ಗೆ ಕೆಲಸ ಕೊಟ್ಟಿರಲ್ಲ ಅಂದರೆ, ಅವಳಿಗೆ ಫೋಟೊಶಾಪ್ ಬರುತ್ತೆ ಅನ್ನುತ್ತಾರೆ. 2008ರ ಆರ್ಥಿಕ ಕುಸಿತದ ನಂತರ ಡಿಗ್ರಿ ಹಿಡಿದು ಬಂದವರ ಪಾಡು ನಿಜಕ್ಕೂ ಹಾಗೇ ಇತ್ತು. 2011ರಲ್ಲಿ ‘ಬ್ಲ್ಯಾಕ್ ಸ್ವಾನ್’ ಸಿನಿಮಾದಲ್ಲಿ ಬಿಟ್ಟಿ ದುಡಿದ ಇಂಟರ್ನ್‌ಗಳು ಕೋರ್ಟಿಗೆ ಹೋಗಿದ್ದರು. 2013ರಲ್ಲಿ ಕೆಳಗಿನ ಕೋರ್ಟು ಅವರ ಪರ ತೀರ್ಪನ್ನೂ ಕೊಟ್ಟಿತು.

ಆದರೆ ಹ್ಯಾನಾ ಕೇಳುವುದು ಏನು ಗೊತ್ತಾ? ಅಫೀಮು ಕುದಿಸಿದ ಚಹಾ ಕುಡಿದು ಅಪ್ಪ ಅಮ್ಮನ ಹೋಟೆಲ್ ರೂಮಿಗೆ ಬಂದು, ಬರೆದ ಹಾಳೆಗಳನ್ನು ಕೈಗಿಟ್ಟು, ತಿಂಗಳಿಗೆ 1,100 ಡಾಲರಿನಂತೆ ಇನ್ನೂ ಎರಡು ವರ್ಷ ಕೊಡಿ ಅನ್ನುತ್ತಾಳೆ. ನಾನು ನನ್ನ ಪೀಳಿಗೆಯ ದನಿ ಇರಬಹುದು ಅನ್ನುತ್ತಾಳೆ. ತಕ್ಷಣ ಚೌಕಾಸಿಗೂ ಇಳಿಯುತ್ತಾಳೆ: ಹೋಗಲಿ, ಯಾವುದೋ ಒಂದು ಪೀಳಿಗೆಯ ಒಂದು ದನಿ. ಅಮ್ಮನಿಗೆ ಇದು ಯಾವುದೂ ಬೇಡ. ಇಷ್ಟು ವರ್ಷ ದುಡಿದಿದ್ದೇನೆ, ನನಗೆ ಕೆರೆದಂಡೆಯಲ್ಲಿ ಒಂದು ಮನೆ ಬೇಕು ಅಂತ ಅವಳು ಗಂಡನ ಮೇಲೆ ಕಿರುಚುತ್ತಾಳೆ. ನನಗೆ ಆ ಕಂತಿನಲ್ಲಿ ಅತಿ ಇಷ್ಟವಾದ ಪಾತ್ರ ಆ ಅಮ್ಮನೇ.

ಪೀಳಿಗೆಯ ದನಿ ಅನ್ನುವ ಮಾತು ಜೋಕು. ಪತ್ರಿಕೆಗಳು ಜೋಕನ್ನು ಬಿಟ್ಟು ಮಾತನ್ನಷ್ಟೇ ಎತ್ತಿಕೊಂಡವು, ಅದನ್ನು ಡನಮ್ ತಲೆಗೇ ಕಟ್ಟಿದವು. ಅಲ್ಲಿಂದ ಹ್ಯಾನಾ ಮತ್ತು ಡನಮ್ ಒಂದೇ ಆಗಿಬಿಟ್ಟರು. ಹ್ಯಾನಾ ತಪ್ಪು ಮಾಡಿದರೆ ಡನಮ್‌ಗೆ ಬೈಗುಳ.

ಮೊದಲು ಎದ್ದ ಕೂಗು ನಟಿಯರ ಅಪ್ಪಂದಿರ ಬಗ್ಗೆ. ಮಾರ್ನಿಯಾಗಿ ನಟಿಸಿದ ಆಲಿಸನ್ ವಿಲಿಯಮ್ಸ್ ಅಪ್ಪ ಎನ್‌ಬಿಸಿಯ ರಾತ್ರಿ ಸುದ್ದಿ ಓದುತ್ತಿದ್ದ ಬ್ರಯನ್ ವಿಲಿಯಮ್ಸ್. ಶೊಶಾನಾ ಪಾತ್ರದ ಜೋಷಿಯಾ ಮ್ಯಾಮೆಟ್ ಅಪ್ಪ ನಾಟಕಕಾರ ಡೇವಿಡ್ ಮ್ಯಾಮೆಟ್. ಜೆಸ್ಸಾ ಆದ ಜೆಮೈಮಾ ಕರ್ಕ್ ಅಪ್ಪ ಬ್ಯಾಡ್ ಕಂಪನಿ ಬ್ಯಾಂಡಿನ ಡ್ರಮ್ಮರ್. ಡನಮ್ ಅಪ್ಪ ಅಮ್ಮ ಇಬ್ಬರೂ ಹೆಸರಾಂತ ಕಲಾವಿದರು. ಚಿತ್ರರಂಗದಲ್ಲಿ ಅಪ್ಪನ ಹೆಸರು ಹಿಡಿದು ಬರುವವರನ್ನು ನೋಡಿ ಅಭ್ಯಾಸ ಇರುವ ನಮಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ ಇಲ್ಲಿ ಒಂದು ವ್ಯಂಗ್ಯವಿತ್ತು. ಅಪ್ಪ ಅಮ್ಮನ ದುಡ್ಡು ನಿಂತುಹೋದವಳ ಕಥೆಯನ್ನು ಅಪ್ಪ ಅಮ್ಮನ ನೆರಳು ಎಂದೂ ತಪ್ಪದವರು ಆಡಿ ತೋರಿಸುತ್ತಿದ್ದರು.

ಅದರ ಬೆನ್ನಿಗೇ ಬಂದದ್ದು ಬಣ್ಣದ ಪ್ರಶ್ನೆ. ಇದರಲ್ಲಿ ನೋಡುಗರ ಮಾತೇ ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ. ಬ್ರೂಕ್ಲಿನ್‌ನ ಜನರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕಪ್ಪು ಜನ. ‘ಗರ್ಲ್ಸ್’ನ ಬ್ರೂಕ್ಲಿನ್‌ನಲ್ಲಿ ನಾಲ್ಕೂ ನಾಯಕಿಯರು ಬಿಳಿಯರು. ಮೊದಲ ಕಂತಿನಲ್ಲಿ ಏಷ್ಯಾ ಮೂಲದವಳು ಒಬ್ಬಳಿದ್ದಾಳೆ, ಫೋಟೊಶಾಪ್ ಗೊತ್ತಿರುವ ಅದೇ ಜಾಯ್ ಲಿನ್. ಡನಮ್ ಓದಿದ ಓಬರ್ಲಿನ್ ಕಾಲೇಜಿನಲ್ಲೇ ಓದಿದ್ದ ಕಪ್ಪು ಬರಹಗಾರ್ತಿ ಕೆಂಡ್ರಾ ಜೇಮ್ಸ್, ಅದೇ ಕಾಲೇಜು ಅದೇ ಊರಿನಲ್ಲಿ ನಾನೂ ಇದ್ದೆನಲ್ಲ ಅಂತ ಅವರನ್ನೇ ಉದ್ದೇಶಿಸಿ ಬರೆದರು. ಉಳಿದ ಟೀಕೆಗಳಿಗಿಂತ ಅದು ಜಾಸ್ತಿ ತಾಗುತ್ತದೆ. ಸಿಟಿ ದೊಡ್ಡದು, ನನ್ನ ಬಳಗ ಇಷ್ಟೇ ಅನ್ನುವ ನೆಪಕ್ಕೆ ಅಲ್ಲಿ ಜಾಗ ಇರಲಿಲ್ಲ.

ಡನಮ್ 2012ರ ಮೇನಲ್ಲಿ ರೇಡಿಯೊ ಸಂದರ್ಶನವೊಂದರಲ್ಲಿ ಇದು ಬೇಕಂತ ಮಾಡಿದ್ದಲ್ಲ, ನನಗೆ ಗೊತ್ತಿದ್ದವರನ್ನು ಬರೆದೆ ಅಂದರು. ಉತ್ತರ ತೆರೆಯ ಮೇಲೂ ಬಂತು. ಎರಡನೇ ಸೀಸನ್ ಶುರುವಾಗುವಾಗ ಹ್ಯಾನಾಗೆ ಸ್ಯಾಂಡಿ ಅನ್ನುವ ಕಪ್ಪು ಗೆಳೆಯ. ಪಾತ್ರ ಮಾಡಿದ್ದು ಡೊನಾಲ್ಡ್ ಗ್ಲವರ್. ಅದು ಪ್ರಸಾರವಾದದ್ದು 2013ರ ಜನವರಿ 13ರಂದು. ಅದೇ ರಾತ್ರಿ ‘ಗರ್ಲ್ಸ್’ ಗೋಲ್ಡನ್ ಗ್ಲೋಬ್‌ನಲ್ಲಿ ಎರಡು ಪ್ರಶಸ್ತಿ ಹೊಡೆಯಿತು. ಸ್ಯಾಂಡಿಯ ಆಯಸ್ಸು ಎರಡೇ ಕಂತು. ತನ್ನ ಬರಹ ಅವನಿಗೆ ಹಿಡಿಸಲಿಲ್ಲ ಅನ್ನುವ ಸಿಟ್ಟನ್ನು ಹ್ಯಾನಾ ರಾಜಕೀಯದ ಜಗಳ ಮಾಡಿಕೊಂಡು ಅವನನ್ನು ಬಿಡುತ್ತಾಳೆ. ನೀನು ಕಪ್ಪು ಅಂತ ನಾನು ಯೋಚಿಸಿಯೇ ಇರಲಿಲ್ಲ ಅನ್ನುತ್ತಾಳೆ. ಯೋಚಿಸಬೇಕಿತ್ತು ಅನ್ನುತ್ತಾನೆ ಅವನು. ಹ್ಯಾನಾಳ ಕುರುಡುತನ ಚೆನ್ನಾಗಿ ಬಯಲಾದ ದೃಶ್ಯ ಅದು. ಆದರೆ ಬಂದ ಕಪ್ಪು ಪಾತ್ರ ಅವಳಿಗೊಂದು ಪಾಠ ಹೇಳಿ ಬಾಗಿಲಿನಿಂದಾಚೆ ಹೋಯಿತಲ್ಲ? ಏಳಡಿ ದಾಟಿದ ಬ್ಯಾಸ್ಕೆಟ್‌ಬಾಲ್ ದಿಗ್ಗಜ ಕರೀಮ್ ಅಬ್ದುಲ್ ಜಬ್ಬಾರ್ ಕೂಡ ಪೆನ್ನು ಹಿಡಿದು ಸ್ಯಾಂಡಿಯನ್ನು ತಂದ ರೀತಿಯನ್ನು ಜಾಡಿಸಿದರು. ಹಾಸ್ಯ ಧಾರಾವಾಹಿಗೆ ಇಂಥ ವಿಮರ್ಶಕರು ಸಿಗುವುದು ಅಪರೂಪ.

ಮೈ ಬಗೆಗಿನ ಜಗಳ ಇನ್ನೊಂದು ಬಗೆ. ಡನಮ್‌ದು ಟಿವಿ ನಾಯಕಿಯ ಮೈಕಟ್ಟಲ್ಲ, ಅದನ್ನು ಮುಚ್ಚಿಡುವ ಮನಸ್ಸೂ ಅವರಿಗಿರಲಿಲ್ಲ. 2013ರ ಫೆಬ್ರವರಿಯಲ್ಲಿ ಬಂದ ಒಂದು ಕಂತಿನಲ್ಲಿ, ಹ್ಯಾನಾ ಕೆಲಸ ಮಾಡುವ ಕಾಫಿ ಅಂಗಡಿಯ ಕಸ ತನ್ನ ಡಬ್ಬಿಗೆ ಬೀಳುತ್ತಿದೆ ಅಂತ ಒಬ್ಬ ಸುಂದರ ಡಾಕ್ಟರ್ ದೂರು ತರುತ್ತಾನೆ. ಕಸ ಹಾಕಿದವಳು ಹ್ಯಾನಾ. ತಪ್ಪೊಪ್ಪಿಕೊಳ್ಳಲು ಅವನ ಮನೆಗೆ ಹೋದವಳು ಎರಡು ದಿನ ಅಲ್ಲೇ ಉಳಿಯುತ್ತಾಳೆ. ಇಂಥ ಗಂಡಸು ಇಂಥವಳ ಜೊತೆ ಯಾಕಿರುತ್ತಾನೆ, ಇದು ಕನಸೇ ಇರಬೇಕು ಅಂತ ಕೆಲವು ಗಂಡಸರು ಗಂಭೀರವಾಗಿ ಚರ್ಚೆಗೆ ಕೂತರು! ಡಾಕ್ಟರ್ ಪಾತ್ರದ ಪ್ಯಾಟ್ರಿಕ್ ವಿಲ್ಸನ್ ಹೆಂಡತಿ, ನಟಿ ಡಗ್ಮಾರಾ ಡೊಮಿನ್‌ಚಿಕ್ ಟ್ವಿಟರಿನಲ್ಲಿ ಬಾಯಿ ಮುಚ್ಚಿಸಿದರು: ಅವನ ನಿಜವಾದ ಹೆಂಡತಿಯೂ ಬಳುಕುವ ಬಳ್ಳಿ ಅಲ್ಲ, ಅವನಿಗೇನೂ ತೊಂದರೆ ಆಗಿಲ್ಲ. ಮುಂದಿನ ವರ್ಷ ಪತ್ರಿಕಾಗೋಷ್ಠಿಯಲ್ಲಿ ಒಬ್ಬ ವರದಿಗಾರ ಹ್ಯಾನಾ ಸುಮ್ನೆ ಯಾಕೆ ಬಟ್ಟೆ ಬಿಚ್ಚುತ್ತಾಳೆ ಅಂತ ಕೇಳಿದಾಗ ಅಪಟೋ ಕೆರಳಿದರು. ಈ ಜಗಳದಲ್ಲಿ ಮಾತ್ರ ನಾನು ಪೂರ್ತಿ ಡನಮ್ ಪಕ್ಷ.

ಆದರೂ ಹೆಚ್ಚು ಜನರ ತಕರಾರು ಸರಳವಾಗಿತ್ತು: ಇವಳನ್ನು ಸಹಿಸೋಕಾಗಲ್ಲ. 2014ರ ಜನವರಿಯ ಒಂದು ಕಂತು ತೆಗೆದುಕೊಳ್ಳಿ. ಹ್ಯಾನಾಳ ಪುಸ್ತಕ ಹೊರತರಬೇಕಿದ್ದ ಸಂಪಾದಕ ತೀರಿಹೋಗುತ್ತಾನೆ. ಅವಳಿಗೆ ಒಂದೇ ಚಿಂತೆ, ನನ್ನ ಪುಸ್ತಕದ ಗತಿ ಏನು? ಗೆಳೆಯ ಆಡಮ್‌ಗೆ ಇವಳ ತಣ್ಣಗಿನ ಮನಸ್ಸು ನೋಡಿ ದಿಗಿಲು. ಅವನ ಅಕ್ಕ ಕ್ಯಾರೊಲಿನ್, ಚಿಕ್ಕ ವಯಸ್ಸಿನಲ್ಲೇ ಕಾಯಿಲೆಯಿಂದ ಸತ್ತ ಕಸಿನ್ ಒಬ್ಬಳ ಕರುಳು ಕಿವುಚುವ ಕಥೆ ಹೇಳುತ್ತಾಳೆ. ಆಮೇಲೆ, ಸುಳ್ಳು ಹೇಳಿದೆ, ನಿನ್ನ ಕಣ್ಣಲ್ಲಿ ನೀರು ಬರುತ್ತಾ ಅಂತ ನೋಡಿದೆ ಅನ್ನುತ್ತಾಳೆ. ಕಂತಿನ ಕೊನೆಯಲ್ಲಿ ಹ್ಯಾನಾ ಆಡಮ್ ಮುಂದೆ ಕೂತು, ಅದೇ ಕಥೆಯನ್ನು ತನ್ನ ಕಸಿನ್ ಕಥೆ ಅಂತ ಹೇಳುತ್ತಾಳೆ. ಮುಂದಿನ ಕಂತಿನಲ್ಲಿ ಸಾವಿನ ಮನೆಯವರ ಹತ್ತಿರ ಹೋಗಿ, ಬೇರೆ ಪ್ರಕಾಶಕರು ಯಾರಾದರೂ ಗೊತ್ತಾ ಅಂತಲೂ ಕೇಳುತ್ತಾಳೆ.

ಇದನ್ನು ನೋಡಿ ಮೈ ಉರಿಯದವರು ಯಾರು? ಆದರೆ ಆ ಹೊತ್ತಿಗೆ ಅಮೆರಿಕದ ಟಿವಿ ಮಾಫಿಯಾ ದೊರೆ ಟೋನಿ ಸೊಪ್ರಾನೊನನ್ನು, ಮಾದಕ ವಸ್ತು ಕುದಿಸುವ ಮೇಷ್ಟ್ರು ವಾಲ್ಟರ್ ವೈಟ್‌ನನ್ನು ತಲೆ ಮೇಲೆ ಹೊತ್ತು ಮೆರೆಸಿತ್ತು. ಅವರು ಹೆಣ ಉರುಳಿಸಿದರೂ ನೋಡುಗರು ಅವರ ಕಷ್ಟ ಅರ್ಥ ಮಾಡಿಕೊಂಡರು. ಹ್ಯಾನಾ ಕದ್ದದ್ದು ಟಿಪ್ಸು ಮತ್ತು ಒಂದು ಕಥೆ. ಗಂಡಸರಿಗೆ ಒಂದು ಅಳತೆ, ಹೆಂಗಸರಿಗೆ ಒಂದು ಅಂತ ವಿಮರ್ಶಕರು ಆಗಲೇ ಎತ್ತಿ ತೋರಿಸಿದರು. ಅದು ಅರ್ಧ ನಿಜ ಅಂತ ನನ್ನ ಲೆಕ್ಕ. ವಾಲ್ಟರ್ ವೈಟ್‌ನಂಥವನು ನಮ್ಮ ಪಕ್ಕದ ಮನೆಯಲ್ಲಿ ಇರುವುದಿಲ್ಲ. ಹ್ಯಾನಾ ಥರದವರು ಇರುತ್ತಾರೆ. ಕೆಲವು ಸಲ ನಾವೇ ಇರುತ್ತೇವೆ, ಅದಕ್ಕೇ ಸಿಟ್ಟು ಬೇಗ ಬರುತ್ತದೆ.

ಕಷ್ಟ ಆದದ್ದು ಡನಮ್ ತೆರೆಯಾಚೆಯೂ ಹ್ಯಾನಾ ಥರ ನಡೆದುಕೊಂಡಾಗ. 2014ರಲ್ಲಿ ಅವರ ಪುಸ್ತಕ ಬಂತು. ಅದಕ್ಕೆ ಸಿಕ್ಕ ಮುಂಗಡವೇ 35 ಲಕ್ಷ ಡಾಲರ್ ದಾಟಿತ್ತು ಅನ್ನುವುದು ಸುದ್ದಿ. ಊರೂರು ಸುತ್ತಿ ಟಿಕೆಟ್ ಮಾರಿ ಪುಸ್ತಕ ಪ್ರವಾಸ. ಪ್ರತಿ ಊರಲ್ಲೂ ಅವರಿಗೂ ಮುಂಚೆ ವೇದಿಕೆ ಹತ್ತಿ ಜನರನ್ನು ರಂಜಿಸಲು ಸ್ಥಳೀಯ ಕಲಾವಿದರು. ಅವರಿಗೆ ಸಂಬಳ? ಇಲ್ಲ. ಬಿಟ್ಟಿ ಚಾಕರಿಯ ಸಂಕಟದಿಂದ ಧಾರಾವಾಹಿ ಶುರುಮಾಡಿದವರೇ ಹೀಗೆ! ಗಲಾಟೆ ಆದ ಮೇಲೆ ಎಲ್ಲರಿಗೂ ದುಡ್ಡು ಕೊಡುತ್ತೇವೆ ಅಂದರು. ಎರಡನೇ ಕವರ್ ನೆನಪಾಯಿತು ತಾನೇ?

ಕೊನೆಯ ಸೀಸನ್ನಿನಲ್ಲೂ ಹಾಗೇ ಆಯಿತು. 2017ರ ಫೆಬ್ರವರಿಯಲ್ಲಿ ಬಂದ ‘ಅಮೆರಿಕನ್ ಬಿಚ್’ ಕಂತಿನಲ್ಲಿ ಹೆಸರಾಂತ ಕಾದಂಬರಿಕಾರನೊಬ್ಬ ತನ್ನ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿದ ಹುಡುಗಿಯರ ಬಗ್ಗೆ ಬರೆದ ಹ್ಯಾನಾಳನ್ನು ಮನೆಗೆ ಕರೆಸಿ, ನಯವಾಗಿ ಮಾತಾಡಿ, ಕೊನೆಗೆ ಅವಳ ಮೇಲೂ ಅದನ್ನೇ ಪ್ರಯೋಗಿಸುತ್ತಾನೆ. ಮೀ ಟೂ ಅಲೆ ಎದ್ದದ್ದು ಆ ವರ್ಷದ ಅಕ್ಟೋಬರಿನಲ್ಲಿ. ಬಯ್ಯುತ್ತಿದ್ದವರೂ ಈ ಕಂತಿಗೆ ತಲೆದೂಗಿದ್ದರು. ನವೆಂಬರಿನಲ್ಲಿ ‘ಗರ್ಲ್ಸ್’ನ ಬರಹಗಾರನೊಬ್ಬನ ಮೇಲೆ ನಟಿಯೊಬ್ಬರು ಅತ್ಯಾಚಾರದ ಆರೋಪ ಮಾಡಿದರು. ಆತ ಅಲ್ಲಗಳೆದ. ಡನಮ್ ಮತ್ತು ಸಹ ನಿರ್ಮಾಪಕಿ ಜೆನಿ ಕಾನರ್ ಆತನ ಪರವಾಗಿ ಹೇಳಿಕೆ ಕೊಟ್ಟರು. ಮರುದಿನವೇ ಡನಮ್ ಕ್ಷಮೆ ಕೇಳಬೇಕಾಯಿತು. ಆ ಕಂತು ಬರೆದ ಕೈಯೇ ಈ ಹೇಳಿಕೆ ಬರೆದದ್ದು ಹೇಗೆ ಅಂತ ಕೇಳಿದವರಿಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ಆಮೇಲೆ ಕೆಲವು ವರ್ಷ ‘ಗರ್ಲ್ಸ್’ ಹೆಸರೆತ್ತುವುದೇ ಮುಜುಗರವಾಗಿತ್ತು. ಕಾಲ ತಿರುಗಿದ್ದು 2022, 2023ರ ಹೊತ್ತಿಗೆ. ಮೊದಲು ಬಂದಾಗ ಪ್ರೈಮರಿ ಸ್ಕೂಲಿನಲ್ಲಿದ್ದವರು ಈಗ ಹ್ಯಾನಾ ವಯಸ್ಸಿಗೆ ಬಂದು, ಟಿಕ್‌ಟಾಕ್‌ನಲ್ಲಿ ತುಣುಕು ಹಂಚಿಕೊಂಡು ನಗತೊಡಗಿದರು. ಅವರಿಗೆ ಡನಮ್ ಜೊತೆ ಹಳೇ ಜಗಳ ಇಲ್ಲ. ಹ್ಯಾನಾ ಅವರಿಗೆ ಬರೀ ಹ್ಯಾನಾ, ಒಂದು ಪಾತ್ರ. ಮಾರ್ನಿ ಮಾಜಿ ಗೆಳೆಯನ ಆಫೀಸ್ ಪಾರ್ಟಿಯಲ್ಲಿ ಮೈಕ್ ಹಿಡಿದು ಹಾಡುವ ದೃಶ್ಯವನ್ನು ಆಗ ಜನ ಮುಖ ಮುಚ್ಚಿಕೊಂಡು ನೋಡಿದ್ದರು. ಇವರು ಅದನ್ನೇ ಮತ್ತೆ ಮತ್ತೆ ಹಾಕಿ ನೋಡುತ್ತಾರೆ. ತಮಾಷೆ ಏನೆಂದರೆ ಅದೇ 2022ರಲ್ಲಿ ಅಪ್ಪನ ಹೆಸರಲ್ಲಿ ಬಂದವರಿಗೆ ‘ನೆಪೊ ಬೇಬಿ’ ಅನ್ನುವ ಪದ ಎಲ್ಲರ ಬಾಯಿಗೆ ಬಂತು. ಅದನ್ನು ಹೊತ್ತಿಸಿದ್ದು ನಟಿ ಮಾಡ್ ಅಪಟೋ ಬಗೆಗಿನ ಒಂದು ಟ್ವೀಟು. ಅವರ ಅಪ್ಪ ಯಾರು ಅಂತ ಬೇರೆ ಹೇಳಬೇಕಾ?

ಎರಡನೇ ಸಲ ನೋಡುವವರಿಗೆ ಕೊನೆಯ ಕಂತನ್ನು ನಾನು ಬಲವಂತ ಮಾಡಿ ತೋರಿಸುತ್ತೇನೆ. ಅದು ಬಂದದ್ದು 2017ರ ಏಪ್ರಿಲ್ 16ರಂದು. ಹ್ಯಾನಾ ಈಗ ನ್ಯೂಯಾರ್ಕ್ ಬಿಟ್ಟು ಹಳ್ಳಿಗಾಡಿನ ಮನೆಯಲ್ಲಿದ್ದಾಳೆ. ಕೈಯಲ್ಲಿ ಕೂಸು. ಅದು ಮೊಲೆ ಹಿಡಿಯುತ್ತಿಲ್ಲ, ಅವಳಿಗೆ ನಿದ್ದೆ ಇಲ್ಲ. ಅಮ್ಮನ ಮೇಲೆ ಹಾರಾಡಿ ಮನೆ ಬಿಟ್ಟು ರಸ್ತೆಗೆ ಬಂದರೆ, ಪ್ಯಾಂಟು ಚಪ್ಪಲಿ ಇಲ್ಲದೆ ಅಳುತ್ತಾ ಓಡಿಬರುವ ಒಬ್ಬ ಹುಡುಗಿ. ಯಾರೋ ಏನೋ ಮಾಡಿದ್ದಾರೆ ಅಂದುಕೊಂಡು ಹ್ಯಾನಾ ತನ್ನ ಜೀನ್ಸು, ಶೂ ಬಿಚ್ಚಿ ಕೊಡುತ್ತಾಳೆ. ವಿಚಾರಿಸಿದರೆ, ಅಮ್ಮ ಹೋಂವರ್ಕ್ ಮಾಡು ಅಂದದ್ದಕ್ಕೆ ಆ ಹುಡುಗಿ ಮನೆಯಿಂದ ಓಡಿಬಂದದ್ದು. ಹ್ಯಾನಾಗೆ ಪಿತ್ತ ನೆತ್ತಿಗೇರುತ್ತದೆ. ನಿನಗಾಗಿ ನಿಮ್ಮಮ್ಮ ಎಷ್ಟು ಒದ್ದಾಡುತ್ತಾಳೆ ಗೊತ್ತಾ ಅಂತ ನಡುರಸ್ತೆಯಲ್ಲಿ ಬೈಯುತ್ತಾಳೆ, ನನ್ನ ಪ್ಯಾಂಟು ವಾಪಸ್ ಕೊಡು ಅನ್ನುತ್ತಾಳೆ. ಹುಡುಗಿ ಕೊಡುವುದಿಲ್ಲ. ಹ್ಯಾನಾ ಬರಿಗಾಲಲ್ಲಿ, ಪ್ಯಾಂಟಿಲ್ಲದೆ, ಕತ್ತಲಲ್ಲಿ ಮನೆ ಕಡೆ ನಡೆಯುತ್ತಾಳೆ.